ಕನ್ನಿಮಾರದ ನೆರಳಿನಲ್ಲಿ ಎರಡು ದಿನ



ನಮ್ಮೂರುಗಳ ಹಳೆಯ ಮನೆಗಳ ಮುಂಬಾಗಿಲನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅಜ್ಜನ ಕಾಲದ್ದು. ಎಷ್ಟೋ ಮಳೆಗಾಲ ನೆನೆದಿದೆ, ಎಷ್ಟೋ ಬೇಸಗೆ ಒಣಗಿದೆ. ಆದರೂ ಸೊಟ್ಟಗಾಗಿಲ್ಲ, ಗೆದ್ದಲು ಹತ್ತಿಲ್ಲ. ಯಾವ ಮರದ್ದು ಎಂದು ಕೇಳಿದರೆ ಮನೆಯ ಹಿರಿಯರು ಸ್ವಲ್ಪ ಹೆಮ್ಮೆಯಿಂದಲೇ "ತೇಗದ್ದು" ಎನ್ನುತ್ತಾರೆ. ಕೆಲವು ಕಡೆ "ಸಾಗುವಾನಿ" ಎನ್ನುತ್ತಾರೆ. ಇದೇ ಮರವನ್ನು ನಮ್ಮ ನೆರೆಯ ತಮಿಳರೂ ಮಲಯಾಳಿಗಳೂ ತೇಕ್ಕು ಎಂದು ಕರೆಯುತ್ತಾರೆ. ಅದೋನಿ, ಮಡಕಶಿರಾ ಕಡೆಯ ತೆಲುಗಿನಲ್ಲಿ ಅದು ಟೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕಡೆ ಮರಾಠಿಯಲ್ಲಿ ಸಾಗ ಅಥವಾ ಸಾಗವಾನ. ಇಂಗ್ಲಿಷಿನ ಟೀಕ್ ಎಂಬ ಮಾತು ಸಹ ಎಲ್ಲಿಂದಲೋ ಬಂದದ್ದಲ್ಲ. ಮಲಯಾಳದ ತೇಕ್ಕು ಪೋರ್ಚುಗೀಸರ ಬಾಯಲ್ಲಿ ತೇಕ ಆಗಿ, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಎರಡು ಮೂರು ಭಾಷೆಗಳ ನಡುವೆ ಬದುಕುವ ನಮಗೆ ಇಂಥ ಪ್ರಯಾಣ ಆಶ್ಚರ್ಯವಲ್ಲ.

ಆದರೆ ಒಂದು ಮಾತು ಯೋಚಿಸಿ. ತೇಗವನ್ನು ನಾವೆಲ್ಲ ನೋಡಿದ್ದೇವೆ. ಬಾಗಿಲಾಗಿ, ಕಿಟಕಿಯಾಗಿ, ಮಂಚವಾಗಿ, ತೊಟ್ಟಿಲಾಗಿ ನೋಡಿದ್ದೇವೆ. ರಸ್ತೆ ಬದಿಯ ನೆಡುತೋಪಿನಲ್ಲಿ ಎಳೆಯ ಮರಗಳಾಗಿಯೂ ನೋಡಿದ್ದೇವೆ. ಪೂರ್ತಿ ಬೆಳೆದ, ನೂರಾರು ವರ್ಷ ಬಾಳಿದ ತೇಗವನ್ನು ನಿಂತ ಮರವಾಗಿ ಕಂಡವರು ನಮ್ಮಲ್ಲಿ ಎಷ್ಟು ಜನ? ಅಂಥ ಒಂದು ಮರವನ್ನು ನೋಡಲು ನಾವು ಐದು ಜನ ಒಂದು ಶನಿವಾರ, ಭಾನುವಾರ ಕೇರಳದ ಪರಂಬಿಕುಳಂ ಕಾಡಿಗೆ ಹೋಗಿದ್ದೆವು. ಆ ಎರಡು ದಿನಗಳಲ್ಲಿ ಕಂಡದ್ದನ್ನು, ಕೇಳಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಮ್ಮದು ತಾಳವಾಡಿ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ, ಮನೆಮಾತು ಕನ್ನಡವಾದ ಊರು. ಬೆಳಗಿನ ಜಾವ ಹೊರಟು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲ, ಕೊಯಮತ್ತೂರು ದಾಟಿ ಮಧ್ಯಾಹ್ನದ ಹೊತ್ತಿಗೆ ಪೊಳ್ಳಾಚಿ ಸೇರಿದೆವು. ನಮ್ಮ ಜೊತೆಯಲ್ಲಿ ನನ್ನ ಸೋದರಳಿಯನಿದ್ದ, ಕಾಲೇಜು ಓದುವ ಹುಡುಗ. ಊರಿನ ಬಡಗಿ ಆಚಾರ್ರೂ ಇದ್ದರು. ವಯಸ್ಸು ಅರವತ್ತು ದಾಟಿದೆ. ನಲವತ್ತು ವರ್ಷ ತೇಗದ ಬಾಗಿಲು ಮಾಡಿದ ಕೈ. ಅವರು ನಮ್ಮ ಜೊತೆ ಹೊರಟದ್ದೇ ಒಂದು ಆಸೆಯಿಂದ: "ಇಷ್ಟು ವರ್ಷ ಹಲಗೆಯಾದ ಮೇಲೆ ನೋಡಿವ್ನಿ. ಒಂದ್ಸಲ ಮರವಾಗಿದ್ದಾಗ್ಲೇ ನೋಡ್ಬೇಕು" ಎಂದಿದ್ದರು.

ಪರಂಬಿಕುಳಂ ಇರುವುದು ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ. ಆದರೆ ಕೇರಳದ ಕಡೆಯಿಂದ ಅಲ್ಲಿಗೆ ವಾಹನ ಹೋಗುವ ಸಾರ್ವಜನಿಕ ರಸ್ತೆಯಿಲ್ಲ. ಪೊಳ್ಳಾಚಿಯಿಂದ ಆನೆಮಲೆ, ಸೇತುಮಡೈ ಊರುಗಳನ್ನು ದಾಟಿ, ಬೆಟ್ಟ ಹತ್ತಿ, ತಮಿಳುನಾಡಿನ ಟಾಪ್‌ಸ್ಲಿಪ್ ಎಂಬ ಜಾಗದ ಮೂಲಕವೇ ಹೋಗಬೇಕು. ಒಂದು ರಾಜ್ಯದ ಚೌಕಿಯಲ್ಲಿ ಹೆಸರು ಬರೆಸಿ, ಸ್ವಲ್ಪ ದೂರ ಹೋಗಿ ಇನ್ನೊಂದು ರಾಜ್ಯದ ಚೌಕಿಯಲ್ಲಿ ಮತ್ತೆ ಹೆಸರು ಬರೆಸಬೇಕು. ಇದು ನಮ್ಮಂಥವರಿಗೆ ಎರಡು ದಿನದ ಮಾತು. ಕಾಡಿನೊಳಗೆ ವಾಸ ಮಾಡುವ ಮಲಸರ್, ಕಾಡರ್, ಮುದುವರ್ ಜನರಿಗೆ ಇದು ದಿನನಿತ್ಯದ ಬದುಕು. ಅವರ ಪಂಚಾಯತಿ ಮುತಲಮಡ. ತಮ್ಮದೇ ಪಂಚಾಯತಿ ಕಚೇರಿಗೆ ಹೋಗಬೇಕಾದರೂ ಅವರು ಇನ್ನೊಂದು ರಾಜ್ಯದೊಳಗೆ ಸುತ್ತಿ ಹೋಗಬೇಕು. 2020ರಲ್ಲಿ ಕೊರೋನಾ ಕಾಲದಲ್ಲಿ ಗಡಿಗಳು ಮುಚ್ಚಿದಾಗ ಅವರು ಪಟ್ಟ ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ. ಗಡಿಯಲ್ಲಿ ಬಾಳುವ ನಮಗೆ ಅದು ಅರ್ಥವಾಗುತ್ತದೆ.

ಟಾಪ್‌ಸ್ಲಿಪ್ ಎಂಬ ಹೆಸರೇ ಒಂದು ಚರಿತ್ರೆ. 19ನೆಯ ಶತಮಾನದಲ್ಲಿ ಬ್ರಿಟಿಷರು ಈ ಬೆಟ್ಟದ ಮೇಲೆ ಕಡಿದ ತೇಗದ ದಿಮ್ಮಿಗಳನ್ನು ನೆತ್ತಿಯಿಂದ ಕೆಳಕ್ಕೆ ಜಾರಿಸಿ ಬಿಡುತ್ತಿದ್ದರಂತೆ. ಮೇಲಿನಿಂದ ಜಾರಿಸುವ ಜಾಗ, ಹಾಗಾಗಿ ಟಾಪ್‌ಸ್ಲಿಪ್. ಆ ದಿಮ್ಮಿಗಳು ಎಲ್ಲಿಗೆ ಹೋಗುತ್ತಿದ್ದವು? ಬೊಂಬಾಯಿಯ ಹಡಗುಕಟ್ಟೆಗೆ. ತೇಗದ ಚೇಗಿನಲ್ಲಿ ಒಂದು ಬಗೆಯ ಎಣ್ಣೆಯ ಅಂಶವಿದೆ. ನೀರು, ಗೆದ್ದಲು, ಶಿಲೀಂಧ್ರ ಯಾವುದಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ. ಇಂಗ್ಲೆಂಡಿನ ಓಕ್ ಮರ ಮುಗಿಯುತ್ತ ಬಂದಾಗ ಅವರ ಕಣ್ಣು ನಮ್ಮ ಪಶ್ಚಿಮ ಘಟ್ಟದ ತೇಗದ ಮೇಲೆ ಬಿತ್ತು. ಹಡಗಾಯಿತು, ಆಮೇಲೆ ರೈಲು ಬಂತು, ಅದಕ್ಕೂ ಮರ ಬೇಕಾಯಿತು. ಕಡಿದದ್ದು ಎಷ್ಟೆಂದರೆ ಕಡಿಸಿದವರಿಗೇ ಗಾಬರಿಯಾಯಿತು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕವಾದ ಕ್ಲೆಗ್‌ಹಾರ್ನ್ ಎಂಬಾತ ಹೀಗೇ ಕಡಿಯುತ್ತ ಹೋದರೆ ಮುಂದೇನು ಎಂದು ಎಚ್ಚರಿಸಿದವರಲ್ಲಿ ಒಬ್ಬ. ಈತ ಮೊದಲು ವೈದ್ಯನಾಗಿ ನಮ್ಮ ಶಿವಮೊಗ್ಗದಲ್ಲಿದ್ದು, ಅಲ್ಲಿನ ಗಿಡಮರಗಳನ್ನು ಅಭ್ಯಾಸ ಮಾಡಿದ್ದವನು.

ಟಾಪ್‌ಸ್ಲಿಪ್ ಹತ್ತಿರ ತೇಗದ ಮರಗಳ ನಡುವೆ ಒಂದು ಸಮಾಧಿಯಿದೆ. ಹ್ಯೂಗೋ ವುಡ್ ಎಂಬ ಅರಣ್ಯಾಧಿಕಾರಿಯದು. 1915ರ ಆಸುಪಾಸಿನಲ್ಲಿ ಆತ ಇಲ್ಲಿಗೆ ಬಂದಾಗ ಬೆಟ್ಟಗಳು ಬೋಳಾಗುತ್ತಿದ್ದವು. ಆತ ದಿನವೂ ಜೇಬು ತುಂಬ ತೇಗದ ಬೀಜ ತುಂಬಿಕೊಂಡು, ನಡೆಯುತ್ತ ಕೈಗೋಲಿನಿಂದ ನೆಲ ಕುಕ್ಕಿ, ಗುಳಿಗೊಂದು ಬೀಜ ಹಾಕುತ್ತ ಹೋಗುತ್ತಿದ್ದನೆಂದು ಅಲ್ಲಿನ ಜನ ಈಗಲೂ ಹೇಳುತ್ತಾರೆ. ಕಡಿದ ಬುಡವನ್ನು ಕೀಳದೆ ಅದರಿಂದಲೇ ಚಿಗುರು ಬರಿಸಿ ಬೆಳೆಸುವ ಕ್ರಮವನ್ನೂ ಆತ ಜಾರಿಗೆ ತಂದ. 1933ರಲ್ಲಿ ತೀರಿಕೊಂಡಾಗ ಆತನ ಆಸೆಯಂತೆ ಇಲ್ಲೇ ಹೂಳಿದರು. ಸಮಾಧಿಯ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಒಂದು ಸಾಲು ಕೆತ್ತಿದ್ದಾರೆ. ಅದರ ತಾತ್ಪರ್ಯ ಇಷ್ಟು: ನನ್ನ ಸ್ಮಾರಕ ಎಲ್ಲಿದೆ ಎಂದು ಹುಡುಕುತ್ತಿದ್ದರೆ ಸುತ್ತ ಕಣ್ಣು ಹಾಯಿಸು. ನಾವೂ ಸುತ್ತ ನೋಡಿದೆವು. ಕಂಬ ನಿಲ್ಲಿಸಿದ ಹಾಗೆ ನೆಟ್ಟಗೆ ಎದ್ದ ತೇಗಗಳು. ಆಚಾರ್ರು ಒಂದು ಮರದ ಮೈಮೇಲೆ ಕೈ ಇಟ್ಟು, ಹಸುವಿನ ಬೆನ್ನು ಸವರುವಂತೆ ಸವರಿದರು, ಏನೂ ಮಾತಾಡಲಿಲ್ಲ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಆನಪ್ಪಾಡಿ. ಅದು ಕೇರಳದ ಮೊದಲ ತಂಗುದಾಣ. ಪ್ರವಾಸಿಗರಿಗೆ ಅರಣ್ಯ ಇಲಾಖೆಯವರು ಹಾಕಿರುವ ಗುಡಾರಗಳು ಇಲ್ಲಿವೆ. ನಾವಾಗಿ ಕಾಡಿನೊಳಗೆ ಎಲ್ಲೆಂದರಲ್ಲಿ ಬಿಡಾರ ಹೂಡುವಂತಿಲ್ಲ. ಮೊದಲೇ ಕಾದಿರಿಸಿ, ಅವರು ತೋರಿಸಿದ ಜಾಗದಲ್ಲೇ ಇಳಿದುಕೊಳ್ಳಬೇಕು. ಒಬ್ಬ ಮಾರ್ಗದರ್ಶಕ ಜೊತೆಯಲ್ಲೇ ಇರುತ್ತಾನೆ. ನಮಗೆ ಸಿಕ್ಕವನು ಮಲಸರ್ ಬುಡಕಟ್ಟಿನ ಹುಡುಗ. ತಮಿಳೂ ಮಲಯಾಳವೂ ಬೆರೆತ ಅವನ ಮಾತು ನಮಗೆ ಚೆನ್ನಾಗಿ ಅರ್ಥವಾಯಿತು.

ಸಂಜೆ ಅವನು ನಮ್ಮನ್ನು ಕರಿಯನ್ ಶೋಲ ಎಂಬ ಕಾಡಿನೊಳಗೆ ನಡೆಸಿಕೊಂಡು ಹೋದ. ಶೋಲ ಎಂಬ ಮಾತು ನೀಲಗಿರಿಯ ಶ್ರೋತೃಗಳಿಗೆ ಹೊಸತಲ್ಲ. ತೇಗದ ಕಾಡಿಗೂ ಈ ನಿತ್ಯಹಸುರಿನ ಕಾಡಿಗೂ ಎಷ್ಟು ವ್ಯತ್ಯಾಸವೆಂದರೆ, ಬಿಸಿಲಿನ ಅಂಗಳದಿಂದ ಕತ್ತಲೆಯ ನಡುಮನೆಗೆ ಕಾಲಿಟ್ಟ ಹಾಗೆ. ತೇಗ ಬಿಸಿಲು ಬೇಡುವ ಮರ. ದಟ್ಟ ನೆರಳಿನಲ್ಲಿ ಅದರ ಸಸಿ ಮೇಲೇಳುವುದಿಲ್ಲ. ಬೇಸಗೆಯಲ್ಲಿ ಅದು ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಶೋಲದ ಮರಗಳೋ ವರ್ಷವಿಡೀ ಹಸುರು. ಬೇರುಗಳು ಗೋಡೆಯಂತೆ ಎದ್ದು ನಿಂತಿವೆ, ಬಳ್ಳಿಗಳು ತೊಡೆ ಗಾತ್ರ. ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿ ಹಾರಿದರೆ ಬೀಸಣಿಗೆ ಬೀಸಿದಂತೆ ರೆಕ್ಕೆಯ ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಕೆಂದಳಿಲೊಂದು ಕೊಂಬೆಯಿಂದ ಕೊಂಬೆಗೆ ಹಾರಿತು. ಕೆಳಗೆ ನಮ್ಮ ಕಾಲಿಗೆ ಜಿಗಣೆ ಹತ್ತಿದ್ದು ಮಾತ್ರ ಚೆನ್ನಾಗಿ ಕಾಣಿಸಿತು!

ರಾತ್ರಿ ಗುಡಾರದಲ್ಲಿ ಮಲಗಿದಾಗ ಹೊರಗೆ ಕಾಟಿಗಳು ಮೇಯುವ ಸದ್ದು ಕೇಳುತ್ತಿತ್ತು. ಹುಲ್ಲನ್ನು ಹರಕ್ ಹರಕ್ ಎಂದು ಕಿತ್ತು ತಿನ್ನುವ ಸದ್ದು. ದೂರದಲ್ಲಿ ಕಡವೆಯೊಂದು ಕೂಗಿತು. ನನ್ನ ಅಳಿಯನಿಗೆ ನಿದ್ದೆ ಬರಲಿಲ್ಲ. "ಮಾವ, ಆನೆ ಬಂದ್ರೆ?" ಎಂದ. ಪ್ರಶ್ನೆ ಸುಳ್ಳಲ್ಲ. ತಾಳವಾಡಿಯವರಿಗೆ ಆನೆ ಎಂದರೆ ಪ್ರವಾಸದ ಸೊಗಸಲ್ಲ. ಒಂದು ರಾತ್ರಿಯಲ್ಲಿ ನೆಲಸಮವಾದ ಬಾಳೆ, ಜೋಳ, ಕಬ್ಬು. ನಮ್ಮವರು ಮಚಾನಿನ ಮೇಲೆ ತಮಟೆ ಹಿಡಿದು ಕೂತು ಬೆಳಗು ಮಾಡಿದ ರಾತ್ರಿಗಳು ಲೆಕ್ಕವಿಲ್ಲ. ಆದರೆ ಅಂದು ಆ ಕಾಡಿನ ನಡುವೆ ಮಲಗಿದಾಗ ನನಗೆ ತೋಚಿದ್ದು ಇದು: ಇಲ್ಲಿ ಬೇಲಿಯೊಳಗೆ ಇರುವವರು ನಾವು, ಹೊರಗೆ ಮನೆಯವರಂತೆ ಓಡಾಡುವವು ಅವು. ದೊಡ್ಡ ಕಾಡು ದೊಡ್ಡದಾಗಿಯೇ ಉಳಿದರೆ ಅವಕ್ಕೆ ನಮ್ಮ ಹೊಲದ ದಾರಿ ಅಷ್ಟು ಬೇಗ ನೆನಪಾಗಲಾರದು.

ಭಾನುವಾರ ಬೆಳಗ್ಗೆ, ಮಂಜು ಇನ್ನೂ ಕರಗುವ ಮೊದಲೇ, ತೂಣಕ್ಕಡವು ಅಣೆಕಟ್ಟೆಯ ಕಡೆಯಿಂದ ಒಳದಾರಿ ಹಿಡಿದು ನಾವು ನೋಡಬೇಕೆಂದು ಬಂದ ಮರದ ಬಳಿಗೆ ಹೋದೆವು. ಅದರ ಹೆಸರು ಕನ್ನಿಮಾರ ತೇಗ. ಕನ್ನಿ ಎಂದರೆ ನಮ್ಮ ಕನ್ನೆ, ಕನ್ನಿಕೆ. ಈಗ ಬದುಕಿರುವ ಲೋಕದ ಅತಿ ದೊಡ್ಡ ತೇಗಗಳಲ್ಲಿ ಇದೊಂದು. ಬುಡದ ಸುತ್ತಳತೆ ಸುಮಾರು 7 ಮೀಟರ್. ನಮ್ಮ ಹೆಣ್ಣುಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಈ ಕನ್ನಿಕೆಗೆ ಆರು ಗಜದ ಸೀರೆ ಒಂದು ಸುತ್ತಿಗೂ ಸಾಲದು. ಒಂಬತ್ತು ಗಜದ ಸೀರೆಯೇ ಬೇಕು. ಎತ್ತರ 40 ಮೀಟರಿನಷ್ಟು, ಎಂದರೆ ಹನ್ನೆರಡು ಮಹಡಿಯ ಕಟ್ಟಡದಷ್ಟು. ವಯಸ್ಸು ಅಂದಾಜು 450 ವರ್ಷಕ್ಕೂ ಮೇಲೆ. ವಿಜಯನಗರ ಸಾಮ್ರಾಜ್ಯದ ಬೆನ್ನು ಮುರಿದ ತಾಳಿಕೋಟೆಯ ಕದನ ನಡೆದದ್ದು 1565ರಲ್ಲಿ. ಆ ಹೊತ್ತಿಗೆ ಇದು ಸಸಿಯೋ ಎಳೆಯ ಗಿಡವೋ ಆಗಿದ್ದಿರಬೇಕು. ಭಾರತ ಸರ್ಕಾರ 1994-95ರಲ್ಲಿ ಈ ಮರಕ್ಕೆ ಮಹಾವೃಕ್ಷ ಪುರಸ್ಕಾರ ಕೊಟ್ಟಿತು.

ಅಂಕಿ ಅಂಶ ಹೇಳುವುದು ಸುಲಭ. ಎದುರಿಗೆ ನಿಂತಾಗ ಆಗುವುದೇ ಬೇರೆ. ನಾವು ತಲೆಯೆತ್ತಿ ನೋಡುತ್ತ ನೋಡುತ್ತ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು. ತೊಗಟೆಯ ಮೇಲೆ ಬೆರಳು ಹಿಡಿಸುವಷ್ಟು ಆಳದ ಗೆರೆಗಳು. ಮೇಲಿನ ಕೊಂಬೆಗಳೇ ಒಂದೊಂದು ಬೇರೆ ಮರದಷ್ಟು ದಪ್ಪ. ನಮ್ಮ ಹುಡುಗ ಹುಡುಗಾಟದ ಬುದ್ಧಿಯಿಂದ ಕೇಳಿಯೇಬಿಟ್ಟ: "ಆಚಾರ್ರೇ, ಇದನ್ನ ಕೊಯ್ದರೆ ಎಷ್ಟು ಬಾಗಿಲಾಗ್ತದೆ?" ಆಚಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಲೆಕ್ಕ ಹಾಕಾಕೆ ಬತ್ತದೆ ಕಣಪ್ಪ. ಆದ್ರೆ ಇದರ ಮುಂದೆ ನಿಂತ್ಕೊಂಡು ಹಾಕಬಾರ್ದು" ಎಂದರು. ಚಪ್ಪಲಿ ಬಿಟ್ಟು ಕೈಮುಗಿದರು. ಜೀವಮಾನವೆಲ್ಲ ಉಳಿ ಬಾಚಿ ಹಿಡಿದ ಮನುಷ್ಯನ ಬಾಯಿಂದ ಬಂದ ಮಾತು ಅದು.

ಇಷ್ಟು ದೊಡ್ಡ ಮರ ಕೊಡಲಿಗೆ ಸಿಗದೆ ಹೇಗೆ ಉಳಿಯಿತು? ನಮ್ಮ ಮಾರ್ಗದರ್ಶಕ ಹುಡುಗ ಅಲ್ಲಿನ ಜನರ ಕಥೆ ಹೇಳಿದ. ಹಿಂದೆ ಮರ ಕಡಿಯುವವರು ಬಂದು ಮೊದಲ ಏಟು ಹಾಕಿದಾಗ ಮರದಿಂದ ರಕ್ತ ಚಿಮ್ಮಿತಂತೆ. ಕಡಿಯಬಂದವರು ಕೊಡಲಿ ಬಿಸಾಕಿ ಓಡಿದರಂತೆ. ಅಂದಿನಿಂದ ಇದು ಕನ್ನಿ, ಪೂಜೆಯ ಮರ. ಹಾಗೆ ಹೇಳಿ ಅವನು ಪಕ್ಕದ ಸಣ್ಣ ತೇಗದಿಂದ ಉದುರಿದ್ದ ಎಳೆಯ ಚಿಗುರೊಂದನ್ನು ಆರಿಸಿ ಹುಡುಗನ ಅಂಗೈಯಲ್ಲಿಟ್ಟು ಉಜ್ಜಿದ. ಕ್ಷಣದಲ್ಲಿ ಅಂಗೈ ರಕ್ತದಂತೆ ಕೆಂಪಾಯಿತು. ತೇಗದ ಎಳೆ ಎಲೆಯಲ್ಲಿ ಅಂಥ ಕೆಂಪು ಬಣ್ಣವಿದೆ; ತೇಗವಿರುವ ಊರಿನ ಮಕ್ಕಳೆಲ್ಲ ಈ ಆಟ ಆಡಿರುತ್ತಾರೆ. ಅಂದು ಚಿಮ್ಮಿದ್ದು ರಕ್ತವೋ ಬಣ್ಣವೋ, ನಾನು ವಾದಿಸುವುದಿಲ್ಲ. ಒಂದು ಮಾತು ಮಾತ್ರ ನಿಜ. ಕಾನೂನು, ಅಭಯಾರಣ್ಯ, ಕಾವಲುಗಾರ ಎಂಬ ಮಾತುಗಳು ಹುಟ್ಟುವ ಮೊದಲೇ ಯಾರೋ ಈ ಮರದ ಮುಂದೆ ಕೈ ತಡೆದರು. ಅವರ ಮಕ್ಕಳೂ ತಡೆದರು, ಮೊಮ್ಮಕ್ಕಳೂ ತಡೆದರು. 450 ವರ್ಷ ಎಂದರೆ ಹದಿನೆಂಟು ತಲೆಮಾರು. ಹದಿನೇಳು ತಲೆಮಾರಿನವರು ಬಿಟ್ಟು, ಹದಿನೆಂಟನೆಯ ತಲೆಮಾರಿನ ಒಬ್ಬನು ಒಂದು ಬೆಳಗ್ಗೆ ಮನಸ್ಸು ಬದಲಿಸಿದ್ದರೆ ಸಾಕಿತ್ತು, ಮುಗಿಯುತ್ತಿತ್ತು. ಮರ ಬೆಳೆಸುವುದು ಒಬ್ಬನ ಕೆಲಸ. ದೊಡ್ಡ ಮರ ಉಳಿಸುವುದು ಎಲ್ಲ ತಲೆಮಾರಿನವರೂ ಮಾಡಬೇಕಾದ ಕೆಲಸ.

ಕೈ ತಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಅಲ್ಲೇ ಇದೆ. ಕೊಚ್ಚಿ ಸಂಸ್ಥಾನದವರು ಈ ಕಾಡಿನ ಮರ ಸಾಗಿಸಲೆಂದೇ ಪರಂಬಿಕುಳದಿಂದ ಚಾಲಕುಡಿಯವರೆಗೆ ಸುಮಾರು 80 ಕಿಲೋಮೀಟರ್ ಉದ್ದದ ಒಂದು ಟ್ರಾಂ ರೈಲುದಾರಿ ಹಾಕಿದ್ದರು. 1907ರಲ್ಲಿ ಅದು ಓಡತೊಡಗಿತು. ಬೆಟ್ಟದ ಕಡಿದಾದ ಇಳಿಜಾರುಗಳಲ್ಲಿ ಒಂದು ಜಾಣ ಉಪಾಯ ಮಾಡಿದ್ದರು. ದಿಮ್ಮಿ ತುಂಬಿದ ಬಂಡಿಗಳನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟರೆ, ಅವುಗಳ ಭಾರಕ್ಕೆ ಖಾಲಿ ಬಂಡಿಗಳು ಮೇಲೆ ಬರುತ್ತಿದ್ದವು, ಬಾವಿಯ ರಾಟೆಯಲ್ಲಿ ಒಂದು ಕೊಡ ಇಳಿದರೆ ಇನ್ನೊಂದು ಏರುವಂತೆ. ಚಾಲಕುಡಿಯಿಂದ ಮುಂದೆ ರೈಲಿನಲ್ಲಿ ಕೊಚ್ಚಿಗೆ, ಅಲ್ಲಿಂದ ಹಡಗಿನಲ್ಲಿ ಹೊರದೇಶಗಳಿಗೆ. ಕೊನೆಗೆ ನಷ್ಟದ ಬಾಬತ್ತಾಗಿ 1963ರಲ್ಲಿ ಟ್ರಾಂ ನಿಂತಿತು. ಈಗ ಹಳಿಗಳಿಲ್ಲ, ದಾರಿಯ ಗುರುತಿದೆ, ಅಲ್ಲಲ್ಲಿ ಸೇತುವೆಯ ಅವಶೇಷಗಳಿವೆ. ಆ ದಾರಿಯಲ್ಲಿ ನಾವು ಒಂದಿಷ್ಟು ದೂರ ನಡೆದೆವು. ಇದೇ ದಾರಿಯ ಮೇಲೆ ಮುಂದೆ ಕುರಿಯಾರ್‌ಕುಟ್ಟಿ ಎಂಬ ಜಾಗವಿದೆ. ಪಕ್ಷಿತಜ್ಞ ಸಾಲಿಂ ಅಲಿ 1933ರಲ್ಲಿ ತಿರುವಾಂಕೂರು ಕೊಚ್ಚಿ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ನಡೆಸುವಾಗ ಅಲ್ಲಿ ಬಿಡಾರ ಮಾಡಿದ್ದರು. ಐವತ್ತಕ್ಕೂ ಹೆಚ್ಚು ವರ್ಷ ಹಗಲಿರುಳು ದಿಮ್ಮಿ ಸಾಗಿದ ಆ ದಾರಿಯ ಮೇಲೆ ಇವತ್ತು ಜಿಂಕೆ ನಡೆಯುತ್ತದೆ. ಕನ್ನಿಮಾರದ ಒಡಹುಟ್ಟಿದವರೆಲ್ಲ ಹೋದದ್ದು ಆ ದಾರಿಯಲ್ಲೇ ಎಂದು ನೆನೆದಾಗ ಮಾತು ಹೊರಡುವುದಿಲ್ಲ.

ಪರಂಬಿಕುಳದ ಇನ್ನೊಂದು ಸಂಗತಿ ಹೇಳಲೇಬೇಕು. ಈ ಕಾಡಿನೊಳಗೆ ಪರಂಬಿಕುಳಂ, ತೂಣಕ್ಕಡವು, ಪೆರುವಾರಿಪಳ್ಳಂ ಎಂಬ ಮೂರು ಅಣೆಕಟ್ಟೆಗಳಿವೆ. ನೆಲ ಕೇರಳದ್ದು, ಅಣೆಕಟ್ಟೆಗಳನ್ನು ನೋಡಿಕೊಳ್ಳುವುದು ತಮಿಳುನಾಡು. 1970ರಲ್ಲಿ ಎರಡು ರಾಜ್ಯಗಳು ಸಹಿ ಮಾಡಿದ ಒಪ್ಪಂದದಂತೆ ಇಲ್ಲಿನ ನೀರು ಸುರಂಗದ ಮೂಲಕ ಪೂರ್ವಕ್ಕೆ ಹರಿದು ಪೊಳ್ಳಾಚಿ, ತಿರುಪ್ಪೂರು ಕಡೆಯ ಹೊಲಗಳಿಗೆ ಹೋಗುತ್ತದೆ. ಕೇರಳದ ಚಿತ್ತೂರು ಕಡೆಯ ರೈತರಿಗೂ ಅವರ ಪಾಲು ಸಲ್ಲಬೇಕು. ಪಾಲಿನ ಬಗ್ಗೆ ತಕರಾರುಗಳು ಇದ್ದೇ ಇವೆ. ಆದರೆ ಆ ನೀರನ್ನು ಹಿಡಿದುಕೊಡುವುದು ಯಾರು? ಸುತ್ತಲಿನ ಕಾಡು. ಪೊಳ್ಳಾಚಿಯ ತೆಂಗಿನ ತೋಟದ ತಮಿಳು ರೈತನೂ ಚಿತ್ತೂರಿನ ಗದ್ದೆಯ ಮಲಯಾಳಿ ರೈತನೂ ಒಂದೇ ಕಾಡಿನ ಋಣದಲ್ಲಿದ್ದಾರೆ. ಮರಕ್ಕೆ ಗಡಿ ಗೊತ್ತಿಲ್ಲ ಎಂದು ಭಾಷಣದಲ್ಲಿ ಹೇಳುವುದುಂಟು. ಇಲ್ಲಿ ಅದು ಲೆಕ್ಕಕ್ಕೆ ಸಿಗುವ ಮಾತು.

ಇನ್ನು, ಸುತ್ತಲೂ ಕಾಣುವ ತೇಗಗಳೆಲ್ಲ ಕನ್ನಿಮಾರದ ಹಾಗೆ ತಾವಾಗಿ ಹುಟ್ಟಿದವಲ್ಲ. ಸಾವಿರಾರು ಹೆಕ್ಟೇರಿನಲ್ಲಿ ಸ್ವಾಭಾವಿಕ ಕಾಡನ್ನು ತೆಗೆದು, ಮುಂದೆ ಕಡಿಯಲೆಂದೇ ಸಾಲಾಗಿ ನೆಟ್ಟ ತೋಪುಗಳು ಅವು. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ಮತ್ತು ಅವನ ಕೈಕೆಳಗಿನ ಚಾತ್ತು ಮೇನೋನ್ ತೇಗ ನೆಡುವ ಕ್ರಮವನ್ನು ತೋರಿಸಿಕೊಟ್ಟ ಮೇಲೆ ಎಲ್ಲೆಲ್ಲೂ ಇದೇ ನಡೆಯಿತು. ಒಂದೇ ಜಾತಿಯ ಮರದ ತೋಪು ಕಾಡಲ್ಲ. ಅಲ್ಲಿ ಹಣ್ಣಿಲ್ಲ, ಹಕ್ಕಿ ಕಡಿಮೆ, ಬೇಸಗೆಯಲ್ಲಿ ಒಣ ಎಲೆಯ ರಾಶಿಗೆ ಒಂದು ಕಿಡಿ ಬಿದ್ದರೆ ಸಾಕು. ಆದರೂ ಕಾಲ ಸ್ವಲ್ಪ ಬದಲಾಗಿದೆ. 1973ರಲ್ಲಿ ಪರಂಬಿಕುಳಂ ವನ್ಯಜೀವಿಧಾಮವಾಯಿತು. 2010ರಲ್ಲಿ ಸುಮಾರು 644 ಚದರ ಕಿಲೋಮೀಟರಿನ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮರದ ವ್ಯಾಪಾರಕ್ಕೆಂದು ನೆಟ್ಟ ತೇಗಗಳು ಇಂದು ಕೊಡಲಿಯ ಭಯವಿಲ್ಲದೆ ನಿಂತಿವೆ. ಅವುಗಳ ಕಾಲಡಿಯಲ್ಲಿ ಹಳೆಯ ಕಾಡಿನ ಗಿಡಗಳು ಅಲ್ಲಲ್ಲಿ ತಲೆಯೆತ್ತುತ್ತಿವೆ. ಅಲ್ಲಿನ ಬುಡಕಟ್ಟಿನ ಹುಡುಗರು, ಹೆಂಗಸರು ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ದುಡಿಯುತ್ತಿದ್ದಾರೆ. ಹಿಂದೆ ಇದೇ ಜನರನ್ನು ಮರ ಕಡಿಯುವ, ಎಳೆಯುವ ಕೂಲಿಗೆ ಹಚ್ಚಿದ್ದರು. "ನಮ್ಮ ತಾತ ಮರ ಎಳೆದು ಕೂಲಿ ತಗೊಂಡ್ರು ಸಾರ್, ನಾನು ಮರ ತೋರಿಸಿ ತಗೋತೀನಿ" ಎಂದು ನಮ್ಮ ಹುಡುಗ ನಕ್ಕ. ನಗುತ್ತ ಹೇಳಿದರೂ ಅದು ಸಣ್ಣ ಮಾತಲ್ಲ.

ಅಲ್ಲಿಗೆ ಹೋಗಬೇಕೆನ್ನುವವರಿಗೆ ಎರಡು ಮಾತು. ಮಳೆ ಕಳೆದ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಬಾಗಿಲು ಮುಚ್ಚುವುದೂ ಉಂಟು. ತಂಗುವ ಜಾಗವನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಿ. ಕಾಲು ಮುಚ್ಚುವ ಬೂಟು, ಜಿಗಣೆಗೆ ಸ್ವಲ್ಪ ಉಪ್ಪು, ರಾತ್ರಿಗೆ ಕಂಬಳಿ ಮತ್ತು ಟಾರ್ಚು ಇರಲಿ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ. ಪ್ಲಾಸ್ಟಿಕ್, ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಮೊಬೈಲ್ ಫೋನು ಹೆಚ್ಚಿನ ಕಡೆ ಮಾತಾಡುವುದಿಲ್ಲ. ಅದೂ ಒಂದು ಸುಖವೇ.

ಆದರೆ ಎಲ್ಲರೂ ಪರಂಬಿಕುಳಕ್ಕೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಕನ್ನಿಮಾರದ ಒಡಹುಟ್ಟುಗಳು ನಿಮ್ಮ ನಿಮ್ಮ ಸುತ್ತಲೂ ಇವೆ. ನಮ್ಮ ತಾಳವಾಡಿಗೆ ಹೊಂದಿದ ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಸೋಲಿಗರು ದೇವರೆಂದು ಪೂಜಿಸುವ ದೊಡ್ಡಸಂಪಿಗೆ ಮರವಿದೆ. ಆ ಸೋಲಿಗರಿಗೆ ತಮ್ಮ ಕಾಡಿನ ಮೇಲಿನ ಹಕ್ಕುಪತ್ರ 2011ರಲ್ಲಿ ಸಿಕ್ಕಿತು. ಮಡಕಶಿರಾ ಕಡೆಯವರಿಗೆ ಕದಿರಿ ಹತ್ತಿರದ ತಿಮ್ಮಮ್ಮ ಮರ್ರಿಮಾನು ಗೊತ್ತು. ಐದು ಎಕರೆಗೆ ಸಮೀಪದಷ್ಟು ನೆಲಕ್ಕೆ ನೆರಳು ಹರಡಿ 1989ರಲ್ಲಿ ಗಿನ್ನೆಸ್ ದಾಖಲೆಯ ಪುಸ್ತಕ ಸೇರಿದ ಆಲದ ಮರ ಅದು. ತೆಲಂಗಾಣದ ಶ್ರೋತೃಗಳಿಗೆ ಮಹಬೂಬ್‌ನಗರದ ಪಿಲ್ಲಲಮರ್ರಿ ಗೊತ್ತು. ಗೆದ್ದಲು ತಿಂದು ಅದರ ಕೊಂಬೆ ಮುರಿದು ಬಿದ್ದಾಗ, 2018ರಲ್ಲಿ ಆಸ್ಪತ್ರೆಯಲ್ಲಿ ರೋಗಿಗೆ ಗ್ಲೂಕೋಸ್ ಏರಿಸುವ ಹಾಗೆ ಬಾಟಲಿ ಕಟ್ಟಿ ಹನಿಹನಿಯಾಗಿ ಮದ್ದು ಏರಿಸಿದರು. ಕಾಸರಗೋಡಿನವರಿಗೆ ನಾಗಬನಗಳಿವೆ, ಕಾವುಗಳಿವೆ. ಮಹಾರಾಷ್ಟ್ರದಲ್ಲಿ ದೇವರಾಯಿ ಎಂಬ ದೇವರ ಕಾಡುಗಳಿವೆ. ಹೆಸರು ಬೇರೆ, ಭಾಷೆ ಬೇರೆ. ಕೈ ತಡೆದ ಬುದ್ಧಿ ಒಂದೇ.

ನಮ್ಮ ನಿಮ್ಮ ಊರಿನ ಗುಂಡುತೋಪಿನಲ್ಲಿ, ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ನೂರು ವರ್ಷ ದಾಟಿದ ಒಂದು ಹುಣಿಸೆಯೋ, ಆಲವೋ, ಮಾವೋ ಇದ್ದೇ ಇರುತ್ತದೆ. ರಸ್ತೆ ಅಗಲ ಮಾಡುವವರು ಬರುತ್ತಾರೆ, ಮರದ ಮಿಲ್ಲಿನವರು ಬರುತ್ತಾರೆ. ಬೆಲೆ ಹೇಳುತ್ತಾರೆ. ಹೇಳುವ ಬೆಲೆ ಸುಳ್ಳಲ್ಲ. ಬಡವರಿಗೆ ಅದು ದೊಡ್ಡ ಹಣವೇ. ಆದರೂ ಸಹಿ ಹಾಕುವ ಮೊದಲು ಆ ಮರವನ್ನು ಒಂದು ಸುತ್ತು ಹಾಕಿ ಬನ್ನಿ. ಹಗ್ಗವೋ ಸೀರೆಯೋ ಹಿಡಿದು ಸುತ್ತಳತೆ ತೆಗೆಯಿರಿ. ಊರಿನ ಹಿರಿಯರನ್ನು ಕೂರಿಸಿಕೊಂಡು ಅದರ ವಯಸ್ಸು, ಅದರ ಹೆಸರು, ಅದರ ಕಥೆ ಕೇಳಿ ಮಕ್ಕಳಿಂದ ಬರೆಸಿಡಿ. ಕನ್ನಡದಲ್ಲೂ ಬರೆಸಿ, ನಿಮ್ಮ ರಾಜ್ಯದ ಭಾಷೆಯಲ್ಲೂ ಬರೆಸಿ, ಆ ಕಾಗದವನ್ನು ಪಂಚಾಯತಿಗೆ ಕೊಡಿ. ಹೆಸರಿಲ್ಲದ ಮರಕ್ಕೆ ಕೊಡಲಿ ಬೇಗ ಬೀಳುತ್ತದೆ. ಕನ್ನಿಮಾರ ಉಳಿದದ್ದು ಅದಕ್ಕೊಂದು ಹೆಸರಿತ್ತು, ಆ ಹೆಸರಿಗೊಂದು ಕಥೆಯಿತ್ತು, ಆ ಕಥೆಯನ್ನು ಮಕ್ಕಳಿಗೆ ಹೇಳುವವರಿದ್ದರು ಎಂಬುದರಿಂದ.

ನಿಮ್ಮೂರಿನಲ್ಲೂ ಅಂಥ ಒಂದು ಮರ ನಿಮ್ಮ ಕಾಲದಲ್ಲಿ ನಿಂತೇ ಇರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.